ಏಳನೇ ಜಾಗದ ಹಸಿರು ಚಮಕಿ

ಹೊಳೆ ಪರೀಕ್ಷೆಯ ಆಫೀಸಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಬಾಗಿಲು ಕಾಯುವವನಿಂದ ಹಿಡಿದು ಮೇಲಿನವರವರೆಗೆ ಎಲ್ಲರ ಬಾಯಲ್ಲೂ ಅವಳು ಹುಳದಕ್ಕ. ಇಪ್ಪತ್ತೆರಡು ವರ್ಷದಿಂದ ಅವಳ ಕೆಲಸ ಒಂದೇ. ಹೊಳೆಯ ತಳದಿಂದ ಬಲೆಯಲ್ಲಿ ಕೆರೆದು ತಂದ ಕೆಸರನ್ನು ಜರಡಿಯಲ್ಲಿ ತೊಳೆದು, ಬಿಳಿ ತಟ್ಟೆಗೆ ಸುರಿದು, ಅದರಲ್ಲಿ ಹರಿದಾಡುವ ಹುಳುಗಳನ್ನು ಚಿಮುಟದಿಂದ ಹೆಕ್ಕಿ ಎಣಿಸುವುದು. ಮೀನನ್ನು ಅವಳು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ.

"ಮೀನಿಗೇನು, ನೀರು ಕೆಟ್ರೆ ಬಾಲ ಅಲ್ಲಾಡಿಸ್ಕೊಂಡು ಬೇರೆ ಕಡೆ ಹೋಗುತ್ತೆ. ತಳದ ಹುಳ ಪಾಪ ಎಲ್ಲಿಗೆ ಹೋಗ್ಬೇಕು? ನಾವು ಮಾಡಿದ್ದನ್ನೆಲ್ಲ ಅಲ್ಲೇ ಕೂತು ಉಣ್ಬೇಕು" ಎನ್ನುತ್ತಿದ್ದಳು.

ಅವಳದ್ದೊಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ಎಣಿಸಿದ ಮೇಲೆ ತಟ್ಟೆಯಲ್ಲಿ ಉಳಿದ ಕಸವನ್ನು ಕೂಡಲೇ ಚೆಲ್ಲುವಂತಿಲ್ಲ. ತಟ್ಟೆಯನ್ನು ಕಿಟಕಿಯ ಹತ್ತಿರ ಅಲುಗದ ಹಾಗೆ ಇಟ್ಟು, ಒಂದು ಲೋಟ ಚಹಾವನ್ನು ನಿಧಾನವಾಗಿ ಕುಡಿಯಬೇಕು. ಆಮೇಲೆ ಇನ್ನೊಮ್ಮೆ ನೋಡಬೇಕು. ಕಸವೆಂದುಕೊಂಡದ್ದು ಎಷ್ಟೋ ಸಲ ಎದ್ದು ನಡೆದಿತ್ತು. ಹಾಗೆ ನಡೆಯುವವರಲ್ಲಿ ಅವಳಿಗೆ ಅಚ್ಚುಮೆಚ್ಚಿನದು ಗೂಡುಹುಳು. ಬಾಯಿಂದ ರೇಷ್ಮೆಯಂಥ ಎಳೆ ತೆಗೆದು, ಮರಳಿನ ಕಾಳುಗಳನ್ನು ಒಂದಕ್ಕೊಂದು ಹೊಲಿದು ಕೊಳವೆಯಂಥ ಮನೆ ಮಾಡಿಕೊಂಡು, ಅದನ್ನು ಹೊತ್ತುಕೊಂಡೇ ತಿರುಗುವ ಜೀವ. ನೀರು ಸ್ವಲ್ಪ ಕೆಟ್ಟರೂ ಅದು ಬದುಕುವುದಿಲ್ಲ.

ಹೊಳೆಯ ಉದ್ದಕ್ಕೂ ಹತ್ತು ಜಾಗಗಳಿಂದ ಹತ್ತು ಸೀಸೆಗಳಲ್ಲಿ ಕೆಸರು ಬರುತ್ತಿತ್ತು. ಊರಿಗೆ ಮೇಲಿನ ಆರನೇ ಜಾಗದಲ್ಲಿ ಗೂಡುಹುಳುಗಳು ಬೇಕಾದಷ್ಟು. ಊರು ದಾಟಿದ ಮೇಲೆ ಸೇತುವೆಯ ಕೆಳಗೆ ಏಳನೇ ಜಾಗ. ಅಲ್ಲಿನ ಕಥೆಯೇ ಬೇರೆ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಿಂದ ಅಲ್ಲಿ ಒಂದು ದಿನ ಕೆಂಪು ನೀರು, ಒಂದು ದಿನ ನೀಲಿ ನೀರು. ಇದ್ದ ಮರಳನ್ನು ಲಾರಿಗಳು ಬಳಿದುಕೊಂಡು ಹೋಗಿದ್ದವು. ಉಳಿದ ಕಪ್ಪು ಕೆಸರಿನಲ್ಲಿ ಕೆಂಪು ಹುಳುಗಳು ಬಿಟ್ಟರೆ ಬೇರೇನೂ ಇರಲಿಲ್ಲ. ನಾಲ್ಕು ವರ್ಷದ ಹಿಂದೆ ಕಾರ್ಖಾನೆಯ ಕೊಳವೆ ಮುಚ್ಚಿತು, ಲಾರಿಗಳು ನಿಂತವು. ಅಂದಿನಿಂದ ಹುಳದಕ್ಕ ಪ್ರತಿ ಸಲವೂ ಏಳನೆಯ ಸೀಸೆಯನ್ನೇ ಮೊದಲು ತೆರೆಯುತ್ತಿದ್ದಳು. ಪ್ರತಿ ಸಲವೂ ಮುಖ ಸಣ್ಣದು ಮಾಡಿಕೊಂಡು ಮುಚ್ಚುತ್ತಿದ್ದಳು.

ಅಷ್ಟರಲ್ಲಿ ಇಂಜಿನಿಯರ್ ಸಾಹೇಬರು ಒಂದು ನಕ್ಷೆ ಬರೆದರು. ಏಳನೇ ಜಾಗ ಹೇಗಿದ್ದರೂ ಸತ್ತ ಜಾಗ, ಅಲ್ಲಿ ಹೊಳೆಯ ತಳಕ್ಕೇ ಕಾಂಕ್ರೀಟ್ ಹಾಸಿದರೆ ನೀರು ಸಲೀಸಾಗಿ ಹರಿಯುತ್ತದೆ ಎಂದು. ನಾಳೆ ಸಭೆ. ಈ ಸಲದ ಸೀಸೆಯಲ್ಲೂ ಏನೂ ಸಿಗದಿದ್ದರೆ ಸಹಿ ಬೀಳುವುದೇ ತಡ, ಕೆಲಸ ಶುರು. ಕಾಂಕ್ರೀಟ್ ಬಿದ್ದ ಮೇಲೆ ಹುಳುವಿಗೆ ಕಾಲೂರಲು ಒಂದು ಕಲ್ಲೂ ಇರುವುದಿಲ್ಲ. ಹುಳದಕ್ಕನಿಗೆ ಎರಡು ದಿನದಿಂದ ಊಟ ಸೇರಿರಲಿಲ್ಲ.

ಅವಳ ಗಂಡ ಟೈಲರ್. ಸೇತುವೆಗೆ ಹೋಗುವ ಬೀದಿಯಲ್ಲೇ ಅವನ ಅಂಗಡಿ. ಸಂಜೆ ಅಂಗಡಿ ಗುಡಿಸಿ ಕಸವನ್ನು ಎದುರಿನ ಚರಂಡಿಗೆ ತಳ್ಳುವುದು ಅವನ ಹಳೇ ಚಾಳಿ. ಆ ಚರಂಡಿ ಆರಕ್ಕೂ ಏಳಕ್ಕೂ ನಡುವೆ ಹೊಳೆ ಸೇರುತ್ತಿತ್ತು. ಇದಕ್ಕಾಗಿ ಗಂಡಹೆಂಡಿರ ನಡುವೆ ಜಗಳವಾಗದ ವಾರವಿರಲಿಲ್ಲ. ಕೊನೆಗೆ ಹೋದ ವರ್ಷ ಅವನು ಕೈ ಮುಗಿದು, "ಬಿಟ್ಬಿಟ್ಟೆ ಕಣೇ. ಒಂದು ದಾರದ ತುಂಡೂ ಹಾಕಲ್ಲ, ನಿನ್ನಾಣೆ" ಎಂದಿದ್ದ. ಅವಳು ನಂಬಿದ್ದಳು. ಎರಡು ತಿಂಗಳ ಹಿಂದೆ ಶಾಲೆಯ ನಾಟಕಕ್ಕೆಂದು ಅವನು ನಲವತ್ತು ಮೀನಿನ ವೇಷ ಹೊಲಿದಾಗ, ಹಸಿರು ಚಮಕಿಗಳು ಅವನ ತಲೆಗೂದಲಲ್ಲಿ, ಹಾಸಿಗೆಯಲ್ಲಿ, ಊಟದ ತಟ್ಟೆಯಲ್ಲಿ ಕೂಡ ಸಿಕ್ಕಿದ್ದವು. ಚರಂಡಿಯ ಯೋಚನೆ ಮಾತ್ರ ಅವಳಿಗೆ ಬಂದಿರಲಿಲ್ಲ.

ಆ ದಿನ ಏಳನೆಯ ಸೀಸೆಯ ಕೆಸರನ್ನು ತೊಳೆದು ಹೆಕ್ಕಿದಾಗ ಸಿಕ್ಕಿದ್ದು ಹದಿನಾಲ್ಕು ಕೆಂಪು ಹುಳುಗಳು, ಒಂದು ಬಸವನಹುಳು. ಅವಳು ನಿಟ್ಟುಸಿರು ಬಿಟ್ಟು ತಟ್ಟೆಯನ್ನು ಕಿಟಕಿಯ ಹತ್ತಿರ ಇಟ್ಟಳು. ಚಹಾ ಅರ್ಧವಾಗಿತ್ತು. ಕಸದೊಳಗಿನ ಒಂದು ಕಡ್ಡಿಯಂಥದ್ದು ಮೆಲ್ಲಗೆ ಎದ್ದು ಎರಡು ಹೆಜ್ಜೆ ಹಾಕಿತು. ನಿಂತಿತು. ಮತ್ತೆ ನಡೆಯಿತು.

ಲೋಟ ಎಲ್ಲಿಟ್ಟಳೋ ಅವಳಿಗೇ ಗೊತ್ತಿಲ್ಲ. "ಬನ್ರೋ, ಬನ್ರಿ! ಬಂದಿದೆ! ಮನೆ ಕಟ್ಕೊಂಡೇ ಬಂದಿದೆ!" ಎಂದು ಐವತ್ತಾರರ ಹೆಂಗಸು ಹುಡುಗಿಯ ಹಾಗೆ ಕೂಗಿದಳು. ಖುಷಿಗೆ ಕಣ್ಣಲ್ಲಿ ನೀರೇ ಬಂತು.

ಇಂಜಿನಿಯರ್ ಬಂದರು, ನೋಡಿದರು, ತಟ್ಟೆಯನ್ನು ಬಿಟ್ಟು ಸೀಸೆಯ ಚೀಟಿಯನ್ನು ಕೈಗೆತ್ತಿಕೊಂಡರು. ಬರುವ ದಾರಿಯಲ್ಲಿ ಜೀಪು ಗುಂಡಿಗೆ ಬಿದ್ದು ಒಂದು ಸೀಸೆ ಒಡೆದುಹೋಗಿತ್ತು. ಅದು ಆರನೆಯದು ಎಂದೇ ಎಲ್ಲರೂ ತಿಳಿದಿದ್ದರು. ಆದರೆ ಉಳಿದ ಸೀಸೆಯ ಚೀಟಿಯಲ್ಲಿ ಪೆನ್ಸಿಲಿನ ಅಂಕಿಯ ಬಾಲ ಮರಳು ಉಜ್ಜಿ ಅಳಿಸಿತ್ತು.

"ನೋಡಮ್ಮ, ಇದು ೭ ಅಂತ ಹೇಗೆ ಹೇಳ್ತೀರಿ? ೬ ಯಾಕಾಗಬಾರದು? ಬಾಲದಲ್ಲಿ ತಾನೇ ವ್ಯತ್ಯಾಸ ಇರೋದು? ಒಡೆದಿದ್ದೇ ಏಳು, ಉಳಿದಿದ್ದು ಆರು. ಆರರಲ್ಲಿ ಗೂಡುಹುಳ ಸಿಕ್ಕಿದ್ರೆ ಏನು ದೊಡ್ಡ ವಿಷಯ?"

"ಸರ್, ಕೆಂಪು ಹುಳಾನೂ ಇದೆಯಲ್ಲ."

"ಕೆಂಪು ಹುಳ ಎಲ್ಲಾ ಕಡೆ ಇರುತ್ತೆ ಅಂತ ನೀವೇ ಬರೆದಿದ್ದೀರಿ."

ಇನ್ನೊಂದು ಸೀಸೆ ತರೋಣವೆಂದರೆ ಎರಡು ದಿನದ ಮಳೆಗೆ ಹೊಳೆ ತುಂಬಿ ಹರಿಯುತ್ತಿತ್ತು. ನಾಲ್ಕು ವರ್ಷ ಕಾದು ಸಿಕ್ಕ ಒಂದು ಹುಳು ಒಂದು ಅಂಕಿಯ ಬಾಲಕ್ಕೆ ಸಿಕ್ಕಿ ಕೈತಪ್ಪುತ್ತಿತ್ತು. ಕೊನೆಯ ಸಲ ಕಣ್ತುಂಬ ನೋಡೋಣವೆಂದು ಅವಳು ಭೂತಗನ್ನಡಿ ಹಿಡಿದು ಬಗ್ಗಿದಳು. ಹುಳುವಿನ ಗೂಡಿನಲ್ಲಿ ಮರಳಿನ ಕಾಳುಗಳ ನಡುವೆ ಹಸಿರಾಗಿ ಏನೋ ಮಿಂಚಿತು. ಗಾಜಿನ ಚೂರೇ? ದುಂಡಗಿತ್ತು. ನಡುವೆ ಸೂಜಿ ತೂರುವಷ್ಟು ತೂತು. ಪಕ್ಕದಲ್ಲೇ ಇನ್ನೊಂದು. ಮೂರನೆಯದು ಗೂಡಿನ ಬಾಯಿಯ ಹತ್ತಿರ.

ಹುಳದಕ್ಕ ನೆಟ್ಟಗೆ ನಿಂತಳು. ಮುಖದಲ್ಲಿ ನಗುವೋ ಸಿಟ್ಟೋ ಯಾರಿಗೂ ತಿಳಿಯಲಿಲ್ಲ. ಫೋನ್ ತೆಗೆದು, "ರೀ, ಕೈಯಲ್ಲಿರೋ ಕೆಲಸ ಬಿಟ್ಟು ಈಗಿಂದೀಗ್ಲೇ ಬನ್ನಿ" ಎಂದಳು.

ಟೈಲರ್ ಕೊರಳಲ್ಲಿ ಅಳತೆಯ ಟೇಪು ನೇತುಹಾಕಿಕೊಂಡೇ ಓಡಿಬಂದ. ಅವಳು ಭೂತಗನ್ನಡಿ ಅವನ ಕೈಗಿತ್ತಳು.

"ಇದು ಯಾರದ್ದು ಹೇಳಿ."

ಅವನು ಬಗ್ಗಿದ. ಕಸುಬಿನ ಕಣ್ಣು ಮೊದಲು ಹೊಲಿಗೆಗೇ ಹೋಯಿತು. "ಅಬ್ಬಾ, ಎಂಥ ಹೊಲಿಗೆ! ಒಂದು ಸುಕ್ಕಿಲ್ಲ! ಯಾರು..." ಎನ್ನುತ್ತಿದ್ದವನು ಚಮಕಿ ಕಂಡದ್ದೇ ತಡ, ಭೂತಗನ್ನಡಿಯನ್ನು ಮೆಲ್ಲಗೆ ಕೆಳಗಿಟ್ಟ.

"ನಿನ್ನಾಣೆ ಅಂದಿದ್ರಿ" ಎಂದಳು ಹೆಂಡತಿ.

"ಒಂದೇ ಒಂದು ಸಂಜೆ ಕಣೇ. ನಲವತ್ತು ವೇಷ ಹೊಲಿದು ಸುಸ್ತಾಗಿತ್ತು..."

"ಒಂದೇ ಸಂಜೆನಾ?"

"ಒಂದು ವಾರ" ಎಂದ ಟೈಲರ್ ನೆಲ ನೋಡುತ್ತ.

"ಅದನ್ನೇ ಸರ್‌ಗೆ ಜೋರಾಗಿ ಹೇಳಿ. ಯಾವ ಚರಂಡಿ, ಯಾವಾಗ, ಎಲ್ಲಾ."

ಅವನು ಹೇಳಿದ. ಈ ಚಮಕಿಯನ್ನು ಊರಲ್ಲಿ ಬೇರೆ ಯಾರೂ ಹೊಲಿದಿಲ್ಲವೆಂದೂ, ಚರಂಡಿಗೆ ತಳ್ಳಿದ್ದು ತಾನೇ ಎಂದೂ ಒಪ್ಪಿಕೊಂಡ. ನೀರು ಕೆಳಗಿನಿಂದ ಮೇಲಕ್ಕೆ ಹರಿಯುವುದಿಲ್ಲ, ಚಮಕಿ ಆರನೇ ಜಾಗಕ್ಕೆ ನಡೆದು ಹೋಗಲು ಸಾಧ್ಯವಿಲ್ಲ. ಇಂಜಿನಿಯರ್ ಸ್ವಲ್ಪ ಹೊತ್ತು ಗಲ್ಲ ಕೆರೆದುಕೊಂಡರು. ಆಮೇಲೆ ಅವರಿಗೂ ನಗು ತಡೆಯಲಾಗಲಿಲ್ಲ.

"ಇದನ್ನೆಲ್ಲ ಬರೆದು ಸಹಿ ಹಾಕ್ತೀರಾ?"

"ಹಾಕ್ತಾರೆ" ಎಂದಳು ಹುಳದಕ್ಕ, ಪೆನ್ನು ಮುಂದೆ ಹಿಡಿದು.

ಮರುದಿನ ಸಭೆಯಲ್ಲಿ ಆ ಕಾಗದವನ್ನು ಓದಿದಾಗ ನಗದವರಿಲ್ಲ. ಏಳನೇ ಜಾಗ ಬದುಕಿದೆ ಎಂದು ದಾಖಲಾಯಿತು, ಕಾಂಕ್ರೀಟಿನ ನಕ್ಷೆ ಸುರುಳಿ ಸುತ್ತಿಕೊಂಡು ಬೀರು ಸೇರಿತು. ಅದೇ ಸಂಜೆ ಟೈಲರ್ ತನ್ನ ಅಂಗಡಿಯೆದುರಿನ ಚರಂಡಿಯ ಬಾಯಿಗೆ ತಂತಿಯ ಜಾಲರಿ ಬಡಿದ. ಹೆಂಡತಿ ಮೂರು ಸಲ ಎಳೆದು ನೋಡಿ ಗಟ್ಟಿಯಾಗಿದೆ ಎಂದ ಮೇಲೆಯೇ ಅವನಿಗೆ ಊಟ.

ಹತ್ತು ದಿನಕ್ಕೆ ಹೊಳೆ ಇಳಿಯಿತು. ಇಬ್ಬರೂ ಸೇತುವೆಯ ಕೆಳಗೆ ಹೋಗಿ ಗೂಡುಹುಳುವನ್ನು ಕಲ್ಲುಗಳ ಸಂದಿಯಲ್ಲಿ ಬಿಟ್ಟರು. ಅದು ತನ್ನ ಹಸಿರು ಚಮಕಿಯ ಮನೆಯನ್ನು ಎಳೆದುಕೊಂಡು, ಹಿಂದೆ ತಿರುಗಿಯೂ ನೋಡದೆ ಹೊರಟುಹೋಯಿತು.

"ಇನ್ನೆರಡು ಚಮಕಿ ಹಾಕ್ಲಾ? ಹಿಂದ್ಗಡೆ ಖಾಲಿ ಇತ್ತು" ಎಂದ ಟೈಲರ್. ಅವಳು ನೋಡಿದ ನೋಟಕ್ಕೆ ಹಿಂದೆ ಸರಿದು ಬಂಡೆಯ ಮೇಲೆ ಕುಳಿತ.

ಅವಳು ಹೊಸ ಸೀಸೆ ತೆಗೆದು ಚೀಟಿ ಬರೆದಳು. ಈ ಸಲ ಅಂಕಿಯ ಸಹವಾಸವೇ ಬೇಡವೆಂದು ದಪ್ಪ ಅಕ್ಷರದಲ್ಲಿ ಬರೆದಳು: ಏಳು.

ಅವನು ಬಗ್ಗಿ ಓದಿದ. "ಇದು ನಂಬರ್ರಾ, ಇಲ್ಲ ಹೊಳೆನ ಏಳು ಅಂತ ಎಬ್ಬಿಸ್ತಾ ಇದ್ದೀಯಾ?"

"ಎರಡೂ ಅಂತಾನೇ ಇಟ್ಕೊಳ್ಳಿ" ಎಂದಳು ಹುಳದಕ್ಕ, ಸೀರೆಯ ಸೆರಗು ಸಿಕ್ಕಿಸಿ ನೀರಿಗಿಳಿಯುತ್ತ. "ಈಗ ನೀವೂ ಏಳಿ. ನನ್ನ ಬಲೆ ಮೇಲೆ ಕೂತಿದ್ದೀರಿ."