ಜರ್ಮನ್ ಪೊಲೀಸರು ಮತ್ತು ಕೊರ್ಲಹಳ್ಳಿಯ ಸೊಳ್ಳೆ

ಎರಡನೇ ಮಹಾಯುದ್ಧದಲ್ಲಿ ಜರ್ಮನಿ ಗೆದ್ದುಕೊಂಡ ನಾಡನ್ನು ಕಾಯಲು ಹೋದ ಜರ್ಮನ್ ಪೊಲೀಸ್ ದಳವೊಂದರ ಚರಿತ್ರೆಯನ್ನು ಕನ್ನಡಕ್ಕೆ ತರುತ್ತಿದ್ದೆ. ಪೊಲೀಸರು ಆಡುವ ಕನ್ನಡ ನನಗೆ ಗೊತ್ತಿಲ್ಲ. ಅದಕ್ಕೇ ಬೆಟಗೇರಿಯ ನಮ್ಮ ಓಣಿಯಲ್ಲಿರುವ ನಿವೃತ್ತ ಹವಾಲ್ದಾರರ ಮನೆಗೆ ಹೋದೆ. ಪೊಲೀಸರ ಪುಸ್ತಕ ಎಂದ ಕೂಡಲೇ ಅವರು ಒಳಗೆ ಹೋಗಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಕುಳಿತರು.

ಓದಿ ಹೇಳತೊಡಗಿದೆ. ಒಂದು ಹಳ್ಳಿಯ ಜನರನ್ನು ಸಾಲಾಗಿ ನಿಲ್ಲಿಸಿ ಗುಂಡು ಹಾಕಲು ಹುಕುಂ ಬಂದಿತ್ತು. ಕೆಲವೇ ಪೊಲೀಸರು ನಮ್ಮಿಂದ ಆಗುವುದಿಲ್ಲ ಎಂದು ಹಿಂದೆ ಸರಿದರು.

"ಅವರಿಗೆ ಏನ್ ಶಿಕ್ಷಾ ಆತ್ರಿ?" ಎಂದರು ಹವಾಲ್ದಾರರು.

"ದೊಡ್ಡದೇನಿಲ್ರಿ. ಅಡಿಗಿ, ಕಾವಲು, ಅಂಥಾ ಕೆಲಸಕ್ಕ ಹಾಕಿದ್ರಂತ. ಗುಂಡು ಹಾಕಿದವರು ಮಾತ್ರ ಮುಂದ ಕೋರ್ಟಿನಾಗ, ನಮಗ ಬ್ಯಾರೆ ದಾರಿನ ಇರಲಿಲ್ಲ ಅಂದ್ರಂತ."

ಅಷ್ಟರಲ್ಲಿ ಚಹಾ ತಂದ ಹವಾಲ್ದಾರರ ಹೆಂಡತಿ ಮಾತು ತೆಗೆದರು.

"ಇವರೂ ಒಮ್ಮೆ ಲಾಠಿ ಬೀಸಂಗಿಲ್ಲ ಅಂದಿದ್ರು ನೋಡ್ರಿ. ಕುಡಿಯೋ ನೀರು ಬೇಕಂತ ರಸ್ತಾದಾಗ ಕೊಡ ಇಟ್ಕೊಂಡು ಕುಂತಿದ್ದ ಹೆಣ್ಣಮಕ್ಕಳ ಮ್ಯಾಲೆ. ಸಾಹೇಬರು ಸಿಟ್ಟಾಗಿ ಕೊರ್ಲಹಳ್ಳಿ ಹೊಳಿದಂಡಿಗೆ ವರ್ಗಾ ಮಾಡಿ ಹಾಕಿಬಿಟ್ರು."

"ಆಮ್ಯಾಲೆ?"

"ಆಮ್ಯಾಲೇನ್ರಿ, ಮೂರು ವರ್ಷ ಸೊಳ್ಳಿ ಕಡಿಸಿಕೊಂಡ್ವಿ. ಅಷ್ಟ."

"ಬದನಿಕಾಯಿ ಚಲೋ ಸಿಗತಿದ್ವು," ಎಂದರು ಹವಾಲ್ದಾರರು, ಚಹಾ ಆರಿಸುತ್ತ.

ಮನೆಗೆ ಬಂದು "ಬೇರೆ ದಾರಿಯೇ ಇರಲಿಲ್ಲ" ಎಂಬ ಜರ್ಮನ್ನರ ಸಾಲನ್ನು ಇದ್ದದ್ದು ಇದ್ದಂತೆ ಕನ್ನಡಕ್ಕೆ ಇಳಿಸಿದೆ. ಅನುವಾದಕನಿಗೆ ಅಡಿಟಿಪ್ಪಣಿ ಹಾಕುವ ಹಕ್ಕೊಂದು ಇದೆ. ಅದರಲ್ಲಿ ಕೊರ್ಲಹಳ್ಳಿಯ ಸೊಳ್ಳೆಗಳನ್ನು ಹೇಗೆ ಸೇರಿಸುವುದೆಂದು ಇನ್ನೂ ಯೋಚಿಸುತ್ತಿದ್ದೇನೆ.