ಮುಂದಿನ ಸೀಟು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇದೆ ಎಂದು ನಮ್ಮವ್ವ ಹೇಳುತ್ತಿದ್ದಳು. ಅಷ್ಟು ದೂರವೂ ಇಲ್ಲ, ನಾಲಿಗೆಯ ಮೇಲೇ ಇದೆ. ಆದರೆ ಈಗ ಹೇಳಹೊರಟಿರುವ ಸಿಟ್ಟು ನ್ಯಾಯವಾದದ್ದು. ಓದಿದ ಮೇಲೆ ನೀವೂ ಒಂದಿಷ್ಟು ಸಿಟ್ಟಾದರೆ ನನಗೆ ಸಮಾಧಾನ.

ಎರಡನೆಯ ಮಹಾಯುದ್ಧ ಆಗಷ್ಟೇ ಮುಗಿದಿತ್ತು. ಮುಂಬೈಯಲ್ಲಿ ವಿಮಾನ ಹಾರಿಸುವುದನ್ನು ಕಲಿತು, ಆಮೇಲೆ ಕಲಿಸುವುದನ್ನೂ ಕಲಿತು, ಶಿಕ್ಷಕನೆಂಬ ಸರ್ಟಿಫಿಕೇಟು ಹಿಡಿದು ನಾನು ವಿಜಾಪುರಕ್ಕೆ ಬಂದೆ. ಊರಿನ ನಾಲ್ಕು ಜನ ಅನುಕೂಲಸ್ಥರು ಸೇರಿ ಇಟ್ಟಂಗಿಹಾಳದ ಬಯಲಿನಲ್ಲಿ ವಿಮಾನದ ಶಾಲೆಯೊಂದನ್ನು ತೆರೆದಿದ್ದರು. ಶಾಲೆಯೆಂದರೆ ಒಂದು ತಗಡಿನ ಚಪ್ಪರ, ಸೈನ್ಯದವರು ಬಳಸಿ ಬಿಟ್ಟ ಎರಡು ಸೀಟಿನ ಒಂದು ವಿಮಾನ, ಮತ್ತು ನಾನು. ಮೂರರಲ್ಲಿ ಹೊಸದು ನಾನೊಬ್ಬನೇ.

ಆ ವಿಮಾನದಲ್ಲಿ ಸೀಟುಗಳು ಒಂದರ ಹಿಂದೆ ಒಂದು. ಮುಂದೆ ಶಿಕ್ಷಕ, ಹಿಂದೆ ಶಿಷ್ಯ. ಹಾರಿಸುವ ಕೋಲು ಇಬ್ಬರಿಗೂ ಇದೆ. ಹೀಗೆಂದು ಗೊತ್ತುಮಾಡಿದ ಬಿಳಿಯ ಇಂಜಿನಿಯರು ಯಾರೋ ತಿಳಿಯದು, ಆದರೆ ಆತ ನಮ್ಮ ಹತ್ತಿರದ ಬಬಲೇಶ್ವರಕ್ಕೆ ಬಂದವನಲ್ಲ. ಅಲ್ಲಿ ಇದ್ದದ್ದು ಒಂದೇ ಮೋಟಾರು, ಅರಳೆ ವ್ಯಾಪಾರದ ಸಾಹುಕಾರ ಗುರುಪಾದಪ್ಪನವರದು. ಅದರಲ್ಲಿ ಸಾಹುಕಾರರು ಹಿಂದೆ, ಡ್ರೈವರ್ ಮುಂದೆ. ಅವರ ಮಗ ಮಲ್ಲೇಶಿ ನನ್ನ ಮೊದಲ ಶಿಷ್ಯನಾಗಿ ಹಿಂದಿನ ಸೀಟಿನಲ್ಲಿ ಕೂತ ದಿನವೇ ಊರಿಗೆಲ್ಲ ವಿಷಯ ಸ್ಪಷ್ಟವಾಯಿತು. ಮಲ್ಲೇಶಿ ಧಣಿ, ನಾನು ಡ್ರೈವರ್.

ಬಬಲೇಶ್ವರದ ಸಂತೆಯಲ್ಲಿ ಬದನೆಕಾಯಿ ಮಾರುವವಳೂ ತನ್ನ ಮಗಳಿಗೆ "ಸಾವ್ಕಾರ್ರ ವಿಮಾನದ ಡ್ರೈವರ್ ಬಂದಾನ, ಚಲೋವು ಕೊಡವಾ" ಎನ್ನುತ್ತಿದ್ದಳು. ಚಲೋವು ಸಿಗುತ್ತಿದ್ದವು, ಆದರೂ ಬದನೆಕಾಯಿ ನನ್ನ ಗಂಟಲಿಗೆ ಇಳಿಯುತ್ತಿರಲಿಲ್ಲ. ನನ್ನೂರು ತಿಕೋಟಾಕ್ಕೆ ಹೋದರೆ ಸುದ್ದಿ ನನಗಿಂತ ಮುಂಚೆ ಮುಟ್ಟಿತ್ತು. "ಗಾಡಿ ಹೊಡಿಯಾಕ ಮುಂಬೈತನಾ ಹೋಗಬೇಕಿತ್ತೇನಲೇ? ನಮ್ಮ ಎತ್ತ ಇದ್ದೂವಲ್ಲ" ಎಂದ ಸೋದರಮಾವ. ಅವ್ವ ಮಾತ್ರ ರೊಟ್ಟಿ ಬಡಿಯುತ್ತ, "ದೇವರೂ ರಥದಾಗ ಮುಂದ ಕುಂತ ಬುದ್ಧಿ ಹೇಳ್ಯಾನ, ಸುಮ್ಕಿರು" ಎಂದಳು. ಇದು ವಿಚಾರ ಮಾಡುವಂಥ ಮಾತು. ಆದರೆ ದೇವರಿಗೆ ಒಂದು ಅನುಕೂಲವಿತ್ತು: ಹಿಂದೆ ಕೂತ ಶಿಷ್ಯನ ಅಪ್ಪ ಅಷ್ಟೊತ್ತಿಗೆ ತೀರಿಹೋಗಿದ್ದ. ನನ್ನ ಶಿಷ್ಯನ ಅಪ್ಪ ದಿನಾ ಬೆಳಿಗ್ಗೆ ಬಯಲಿನ ಅಂಚಿಗೆ ಕುರ್ಚಿ ಹಾಕಿಸಿಕೊಂಡು ಕೂಡುತ್ತಿದ್ದರು.

ಮಲ್ಲೇಶಿ ಒಳ್ಳೆಯ ಹುಡುಗ, ಮದುವೆಗೆ ಬಂದ ವಯಸ್ಸು. ಆಕಾಶದಲ್ಲಿದ್ದಾಗ ಅವನ ಕೈ ಬೆಣ್ಣೆಯಷ್ಟು ಮೃದು. ಆದರೆ ಇಳಿಯುವಾಗ ನೆಲ ಹತ್ತಿರ ಬರುತ್ತಿದ್ದಂತೆ ಕಣ್ಣು ಮುಚ್ಚಿಬಿಡುತ್ತಿದ್ದ. ನನ್ನ ಎದುರಿನ ಸಣ್ಣ ಕನ್ನಡಿಯಲ್ಲಿ ಅದು ಕಾಣುತ್ತಿತ್ತು. ನನ್ನ ಬಾಯಿಂದ ಅವನ ಕಿವಿಗೆ ಒಂದು ರಬ್ಬರ್ ಕೊಳವೆ ಇತ್ತು. ಅದರಲ್ಲಿ ನಾನು ಬೈದದ್ದು ಅವನಿಗೆ ಕೇಳುತ್ತದೆ, ಅವನು ಅಂದದ್ದು ನನಗೆ ಕೇಳದು. ಮುಂಗೋಪಿಗಳಿಗೆಂದೇ ಮಾಡಿದ ಸಾಧನ. ತಿಕೋಟಾದ ಬೈಗುಳವೆಲ್ಲ ಅದರಲ್ಲಿ ಹರಿಯಿತು, ಕಣ್ಣು ಮಾತ್ರ ತೆರೆಯಲಿಲ್ಲ. ಪ್ರತಿ ಸಲವೂ ಕೊನೆಯ ಗಳಿಗೆಯಲ್ಲಿ ಕೋಲು ಹಿಡಿದು ಇಳಿಸುತ್ತಿದ್ದವನು ನಾನು.

ಹೀಗಿರುವಾಗ ಸಾಹುಕಾರರ ಅಪ್ಪಣೆಯಾಯಿತು. "ಲೇ ಡ್ರೈವರಾ, ಸೋಮಾರ ಹುಡುಗನ್ನ ನೋಡಾಕ ಜಮಖಂಡಿಯಿಂದ ಬೀಗರು ಬರ್ತಾರ. ನಮ್ಮ ಹುಡುಗ ಒಬ್ಬನ ಹಾರಸೂದು ಅವರು ನೋಡಬೇಕು. ನೀ ಅವತ್ತ ಇಳದ ನಿಂದ್ರು."

"ಆಗೂದಿಲ್ರಿ. ಅವ ಇಳಿಯೂಮುಂದ ಕಣ್ಣ ಮುಚ್ಚತಾನ."

"ಕಣ್ಣ ಮುಚ್ಚಿದ್ರೂ ಇಷ್ಟ ದಿನಾ ಇಳಿಸ್ಯಾನಲಾ. ಶ್ಯಾಣ್ಯಾ ಅದಾನ."

ನನಗೆ ಮೈಯೆಲ್ಲ ಉರಿಯಿತು. ಶಾಲೆಯ ಕಾರ್ಯದರ್ಶಿ ಒಬ್ಬ ವಕೀಲರು. ಅವರು ನನ್ನನ್ನು ಪಕ್ಕಕ್ಕೆ ಕರೆದು, "ಸ್ವಲ್ಪ ಹೊಂದಿಕೊಂಡ ಹೋಗ್ರಿ" ಎಂದರು. ಯಾರೊಡನೆ ಹೊಂದಿಕೊಳ್ಳುವುದು? ಸಾಹುಕಾರರೊಡನೆ ನಾನು ಹೊಂದಿಕೊಂಡೇನು. ಅವರ ಮಗನೊಡನೆ ನೆಲ ಹೊಂದಿಕೊಳ್ಳಬೇಕಲ್ಲ. ಆ ಹುಡುಗನ ಜೀವಕ್ಕಿಂತ ಬೀಗರ ಮೆಚ್ಚುಗೆ ದೊಡ್ಡದೆಂದುಕೊಂಡವರ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಆರಿಲ್ಲ. ಒಲ್ಲೆನೆಂದರೆ ಒಲ್ಲೆ ಎಂದೆ. ಬೀಗರು ಬಂದರು, ಮುಂದಿನ ಸೀಟಿನಲ್ಲಿ ನನ್ನ ಮುಸುಡಿಯನ್ನೂ ನೋಡಿ ಹೋದರು. ಪುಣೆಯಿಂದ ಬೇರೆ ಶಿಕ್ಷಕನನ್ನು ಕರೆಸುವ ಮಾತು ಶುರುವಾಯಿತು. ಅವನು ಬರುವವರೆಗೆ ನನ್ನ ನೌಕರಿ.

ಬೈಗುಳ ಕೆಲಸಕ್ಕೆ ಬಾರದ್ದರಿಂದ ಬೇರೆ ದಾರಿ ಹಿಡಿದೆ. ಬಯಲಿನ ಆಚೆ ತುದಿಗೆ ಒಂದು ಬೇವಿನ ಗಿಡ, ಅದರ ಕೆಳಗೆ ಯಾವಾಗಲೂ ಆಡು ಮೇಯುತ್ತಿದ್ದವು. "ಇಳಿಯೂಮುಂದ ನೆಲಾ ನೋಡಬ್ಯಾಡ, ಆಡು ನೋಡು. ಕೆಳಗ ಬಂದ ಮ್ಯಾಲ ಏನ ಮಾಡಾಕತ್ತಿದ್ದೂ ಹೇಳು" ಎಂದೆ. ಮೊದಮೊದಲು ಮಲಗಿದ್ದ ಆಡನ್ನು ಮೇಯುತ್ತಿತ್ತೆಂದ, ಇಲ್ಲದ ಆಡನ್ನು ಇದೆಯೆಂದ. ಕಣ್ಣು ಮುಚ್ಚಿಕೊಂಡು ಸುಳ್ಳು ಹೇಳುವುದು ಕಷ್ಟವೇ. ಕೊನೆಗೊಂದು ಬೆಳಿಗ್ಗೆ, ನನ್ನ ಕೈ ಕೋಲಿಗೆ ತಾಗದೆಯೇ ವಿಮಾನ ಇಳಿದು ನಿಂತಾಗ, ಮಲ್ಲೇಶಿ ಹಿಂದಿನಿಂದ ಕೂಗಿ ಹೇಳಿದ: "ಕರೇದೊಂದು ಕುಂಟಾಕತ್ತೈತ್ರಿ, ಮುಂದಿನ ಎಡಗಾಲು." ನಾನು ನೋಡಿದೆ. ಕರಿಯ ಆಡು ಕುಂಟುತ್ತಿತ್ತು.

ಅಲ್ಲೇ ಇಳಿದುಬಿಟ್ಟೆ. ಮುಂದಿನ ಸೀಟಿನ ಪಟ್ಟಿಗಳನ್ನು ಕೋಲಿಗೆ ತೊಡಕದಂತೆ ಬಿಗಿದು ಕಟ್ಟುತ್ತಿದ್ದಾಗ ಮೋಟಾರು ಬಂದು ನಿಂತಿತು. ಬೀಗರು ಹೋದಾಗಿನಿಂದ ಬಯಲಿಗೆ ಬಾರದಿದ್ದ ಸಾಹುಕಾರರು, ಪುಣೆಯವನು ನಾಳೆ ಬರುತ್ತಾನೆಂದು ನನಗೆ ತಿಳಿಸಲು ಖುದ್ದಾಗಿ ಬಂದಿದ್ದರು.

"ಯಾಕ ಇಳದಿ?"

"ಅವ ಒಬ್ಬನ ಹೋಗ್ತಾನ್ರಿ."

"ಮತ್ತ ಮುಂದ ಯಾರು ಕೂಡ್ತಾರ?"

"ಯಾರೂ ಇಲ್ರಿ."

ಸಾಹುಕಾರರು ಆ ಖಾಲಿ ಸೀಟನ್ನು ನೋಡಿದರು. ಮಗನನ್ನು ನೋಡಿದರು. ತಾವು ಇಷ್ಟು ದಿನ ಕೇಳುತ್ತಿದ್ದದ್ದು ಏನೆಂದು ಅವರಿಗೆ ಆಗ ಕಾಣಿಸಿರಬೇಕು. "ಇವತ್ತ ಅಮಾಸಿ ಐತಿ" ಎಂದರು, ದನಿ ಸಣ್ಣಗಾಗಿತ್ತು. "ನೀವ ಹತ್ರಿ." ನಾನು ಹತ್ತಲಿಲ್ಲ. ಮಲ್ಲೇಶಿಗೆ ಕೈ ಬೀಸಿದೆ.

ಒಂದೇ ಒಂದು ಸುತ್ತು. ಅಷ್ಟು ಹೊತ್ತೂ ಸಾಹುಕಾರರು ನನ್ನ ಮೊಣಕೈ ಹಿಡಿದುಕೊಂಡೇ ಇದ್ದರು. ನನಗೂ ಹೆದರಿಕೆಯಾಗಿತ್ತು, ಮುಚ್ಚಿಡುವುದೇನು. ಕಲಿಸುವವನು ಕೆಳಗೆ ನಿಂತಾಗಲೇ ಅವನಿಗೆ ತಾನು ಕಲಿಸದೆ ಬಿಟ್ಟದ್ದೆಲ್ಲ ನೆನಪಾಗುವುದು. ವಿಮಾನ ಇಳಿಯಿತು, ಜಿಗಿಯಿತು, ಮತ್ತೊಮ್ಮೆ ಜಿಗಿಯಿತು, ಓಲಾಡಿ ನಿಂತಿತು.

ನಾನು ಓಡಿದೆ. ಕೊಳವೆಯ ಹಂಗಿಲ್ಲದೆ, ಬಯಲಿಗೆಲ್ಲ ಕೇಳುವಂತೆ ಬೈದೆ: ಇದೇನ ವಿಮಾನೋ, ಕಪ್ಪೆಯೋ, ಜಿಗಸಾಕ ನಿನಗ ಯಾರು ಹೇಳ್ಯಾರ, ಕೋಲು ಹಿಡದಿಯೋ, ಬಾರಕೋಲೋ. ಮಲ್ಲೇಶಿ ಹಲ್ಲು ಕಿರಿಯುತ್ತ ಕೇಳುತ್ತಿದ್ದ. ಹಿಂದೆ ಏದುಸಿರು ಕೇಳಿ ತಿರುಗಿದರೆ ಸಾಹುಕಾರರು. ಅವರ ಮಗನನ್ನು ಹುಟ್ಟಿದಾಗಿನಿಂದ ಯಾರೂ ಗದರಿದ್ದಿಲ್ಲ. ನನ್ನ ನೌಕರಿ ಹೋಗಲು ಪುಣೆಯವನು ಬರುವ ನಾಳೆಯವರೆಗೂ ಕಾಯಬೇಕಾಗಿಲ್ಲ ಎಂದುಕೊಂಡು ಬಾಯಿ ಮುಚ್ಚಿದೆ.

ಅವರು ರುಮಾಲಿನ ಸೆರಗಿನಿಂದ ಮುಖ ಒರೆಸಿಕೊಂಡರು. "ಯಾಕ ನಿಲ್ಲಿಸಿದ್ರಿ?" ಎಂದರು. "ಇನ್ನೊಂದಿಷ್ಟು ಬೈರಿ ಅವಂಗ."

ಬೈಯೋಣವೆಂದು ಬಾಯಿ ತೆರೆದೆ. ಒಂದು ಬೈಗುಳವೂ ಉಳಿದಿರಲಿಲ್ಲ.