ಮೂರನೆಯ ತಟ್ಟೆ

ಮೊನ್ನೆ ಕಾಸರಗೋಡಿನ ಅಂಗಡಿಯೊಂದರಲ್ಲಿ ಒಣಗಿಸಿದ ಕಪ್ಪು ನಿಂಬೆ ಮಾರಾಟಕ್ಕಿತ್ತು. ಅದರ ಹುಳಿ ಬೆರೆತ ಹೊಗೆಯಂಥ ವಾಸನೆಗೆ ದುಬೈಯ ಹಳೆಪೇಟೆ ನೆನಪಾಯಿತು. ಅಲ್ಲಿ ಕೆಲಸಕ್ಕಿದ್ದು ನನ್ನನ್ನು ಒಂದು ದಿನ ಸುತ್ತಾಡಿಸಿದ, ನಮ್ಮೂರು ಶಿರಿಯದ ನೆರೆಮನೆಯವರೊಬ್ಬರೂ ನೆನಪಾದರು.

ನಾನಾಗ ಪತ್ರಿಕೆಯ ವರದಿಗಾರ. ಅದು ನನ್ನ ಮೊದಲ ವಿದೇಶ ಪ್ರಯಾಣ. ಕಂಡದ್ದನ್ನೆಲ್ಲ ಅನುಮಾನಿಸುವುದು ವೃತ್ತಿಯಿಂದ ಬಂದ ಅಭ್ಯಾಸ. ಇಷ್ಟು ಚೊಕ್ಕಟ ರಸ್ತೆಯಲ್ಲಿ ನಡೆಯುವವರೇ ಏಕಿಲ್ಲ? ಚಿನ್ನದ ಬೀದಿಯ ಗಾಜಿನ ಹಿಂದಿರುವ ಸರಗಳು ಅಸಲಿಯೇ? ಊರಿನ ನಡುವೆ ಚಾಚಿರುವ ಕಡಲ ಕೊಲ್ಲಿಯನ್ನು ದೋಣಿಯಲ್ಲಿ ದಾಟುವಾಗ ನಾನು ಹಲಗೆ ಬಿಗಿಯಾಗಿ ಹಿಡಿದದ್ದನ್ನು ಕಂಡು ನೆರೆಮನೆಯವರು ನಕ್ಕರು.

"ಎಂತ ಮಾರಾಯ, ಶಿರಿಯ ಹೊಳೆ ದಾಟಿ ಬೆಳೆದವ ನೀನು!"

ಆದರೆ ಅವರ ನಡವಳಿಕೆಯೂ ಸರಿ ಕಾಣಲಿಲ್ಲ. ಎತ್ತರದ ಗೋಪುರವನ್ನು ಕೆಳಗಿನಿಂದಲೇ ತೋರಿಸಿ ಅವಸರ ಮಾಡಿದರು. ಹೋಟೆಲಿನಲ್ಲಿ ಊಟಕ್ಕೆ ಬಾಗಿಲಿರುವ ಸಣ್ಣ ಕೋಣೆಯೇ ಬೇಕೆಂದರು. ನಾವಿದ್ದದ್ದು ಇಬ್ಬರು, ತರಿಸಿದ್ದು ಮೂರು ತಟ್ಟೆ. ಕಪ್ಪು ನಿಂಬೆ ಹಾಕಿ ಬೇಯಿಸಿದ ಮೀನಿನ ಅನ್ನ.

"ಮೂರನೆಯದು ಯಾರಿಗೆ?"

ಅವರು ಆ ತಟ್ಟೆಗೆ ತಾವೇ ಬಡಿಸಿ, ಪಕ್ಕದಲ್ಲಿ ನೀರಿಟ್ಟು, "ಸ್ವಲ್ಪ ಹೊರಗೆ ನಿಲ್ಲುವ" ಎಂದು ಬಾಗಿಲು ಮುಚ್ಚಿದರು. ಕಳ್ಳಸಾಗಣೆಯ ಸುದ್ದಿಗಳನ್ನು ಬರೆದ ನನಗೆ ಬೇರೆ ಯೋಚನೆ ಬರಲಿಲ್ಲ. ಒಳಗೆ ಏನನ್ನು ಬಿಟ್ಟುಬಂದಿದ್ದಾರೆ? ತೆಗೆದುಕೊಳ್ಳಲು ಬರುವವರು ಯಾರು? ನನ್ನನ್ನೇಕೆ ಸಾಕ್ಷಿ ಮಾಡಿದ್ದಾರೆ?

ಯಾರೂ ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರು ಕೆಮ್ಮಿ, ಖಾಲಿ ಕೋಣೆಯ ಬಾಗಿಲು ತಟ್ಟಿದರು. ಆಗ ಗೊತ್ತಾಯಿತು. ಅದು ಆಟಿ ತಿಂಗಳು, ಆಷಾಢದ ಹೊತ್ತು. ನಮ್ಮ ಕಡೆಯ ತುಳುವರ ಮನೆಗಳಲ್ಲಿ ಆಟಿಯಲ್ಲಿ ತೀರಿಹೋದವರನ್ನು ಕರೆದು, ಎಲೆ ಹಾಕಿ ಬಡಿಸಿ, ಅವರು ಉಣ್ಣಲೆಂದು ಬಾಗಿಲು ಮುಚ್ಚಿ ಹೊರಗೆ ನಿಲ್ಲುತ್ತಾರೆ. ಒಳಗೆ ಹೋಗುವ ಮುಂಚೆ ತಟ್ಟುತ್ತಾರೆ.

ಅವರ ತಮ್ಮ ದುಬೈಯಿಂದಲೇ ಸರಕಿನ ಹಡಗು ಹತ್ತಿ ಸಮುದ್ರದಲ್ಲಿ ಕಾಣೆಯಾದದ್ದು ನನಗೂ ತಿಳಿದಿತ್ತು. ದೇಹ ಸಿಕ್ಕಿರಲಿಲ್ಲ. ಎಲೆ ಹಾಕಿದರೆ ನಾವೇ ಕೊಂದಂತೆ ಎಂದು ಅವರ ತಾಯಿ ಊರಿನ ಮನೆಯಲ್ಲಿ ಅವನಿಗೆ ಎಲೆ ಹಾಕಗೊಟ್ಟಿರಲಿಲ್ಲ.

"ಊರಲ್ಲಿ ಹೇಳಬೇಡ. ಅಮ್ಮ ಮತ್ತೆ ನನ್ನ ಮುಖ ನೋಡ್ಲಿಕ್ಕಿಲ್ಲ."

"ಹಾಗಾದ್ರೆ ನನ್ನನ್ನು ಯಾಕೆ ಕರ್ಕೊಂಡು ಬಂದದ್ದು?"

"ನಾನೊಬ್ಬನೇ ಕರೆದ್ರೆ ಅವ ಬರ್ತಾನಾ? ನನ್ನ ಹತ್ರ ಜಗಳ ಮಾಡಿ ಹಡಗು ಹತ್ತಿದವ. ಊರಿನವರು ಯಾರಾದ್ರೂ ಇದ್ರೆ ಬಂದಾನು ಅಂತ..."

ಮೂರನೆಯ ತಟ್ಟೆಯಲ್ಲಿ ಏನಾದರೂ ಕಡಿಮೆಯಾಗಿದೆಯೇ ಎಂದು ನೋಡಿದೆ. ಆಗಿರಲಿಲ್ಲ. ಆರಿದ ಅನ್ನವನ್ನು ಇಬ್ಬರೂ ಉಂಡೆವು. ಅದನ್ನು ನಾನು ಯಾರಿಗೂ ಹೇಳಲಿಲ್ಲ, ಎಲ್ಲೂ ಬರೆಯಲಿಲ್ಲ.

ಕಳೆದ ವರ್ಷ ಅವರು ದುಬೈಯಲ್ಲೇ ತೀರಿಕೊಂಡರು. ಈ ಆಟಿಯಲ್ಲಿ ಶಿರಿಯದ ಅವರ ಮನೆಗೆ ನನ್ನನ್ನೂ ಕರೆದಿದ್ದರು. ಹಿರಿಯರ ಸಾಲಿನಲ್ಲಿ ಅವರಿಗೂ ಎಲೆ ಬಿತ್ತು. ಮನೆಯ ಸೊಸೆ ಇನ್ನೊಂದು ಎಲೆ ಹಿಡಿದು, ತಮ್ಮನಿಗೂ ಹಾಕುವುದೋ ಎಂದು ಅನುಮಾನಿಸುತ್ತ ನಿಂತಾಗ ಗೋಡೆಗೊರಗಿ ಕುಳಿತಿದ್ದ ತಾಯಿ ತಲೆಯೆತ್ತಿದರು.

"ಅದು ಬೇಡ, ತೆಗೆದಿಡು. ಸಣ್ಣವ ಇನ್ನೂ ಮನೆಗೆ ಬರ್ಲಿಕ್ಕುಂಟು."

ನಾನು ಎಲ್ಲರ ಜೊತೆ ಹೊರಗೆ ಬಂದೆ. ಬಾಗಿಲು ಮುಚ್ಚಿದರು. ಆ ತಮ್ಮನನ್ನು ಊಟಕ್ಕೆ ಕರೆಯುವವರು ಈಗ ಕಡಲಿನ ಆಚೆಗೂ ಇಲ್ಲ, ಈಚೆಗೂ ಇಲ್ಲ.